ಒಂದು ಕಳೆಯೂ ಇಲ್ಲದ ಅಂಗಳ

ನಮ್ಮ ಬೀದಿಯಲ್ಲಿ ಮನುಷ್ಯರ ಯೋಗ್ಯತೆಯನ್ನು ಅಳೆಯುವುದು ಅವರ ಮನೆಮುಂದಿನ ಹುಲ್ಲಿನಿಂದ. ಹಾಗೆ ಅಳೆಯಬಾರದು ಎಂದು ಎಲ್ಲರೂ ಹೇಳುತ್ತಾರೆ, ಆದರೂ ಅಳೆಯುತ್ತಾರೆ. ನಾನೂ ಅಳೆಯುತ್ತೇನೆ, ಸುಳ್ಳೇಕೆ? ಗಂಡ ಬಿಟ್ಟುಹೋದ ಈ ಹನ್ನೊಂದು ವರ್ಷಗಳಲ್ಲಿ ನನ್ನ ಮಾತು ಕೇಳಿದ್ದು ಈ ಲಾನ್ ಒಂದೇ. ಫೋರ್ಸಿಥಿಯಾ ಪೊದೆ ಹಳದಿ ಹೂ ಬಿಟ್ಟ ವಾರವೇ, ಕಳೆ ಮೊಳೆಯದ ಹಾಗೆ ಮದ್ದು ಹಾಕುತ್ತೇನೆ. ಅದನ್ನೂ ಮೀರಿ ತಲೆಯೆತ್ತಿದ್ದನ್ನು ಬೇರುಸಮೇತ ಕೀಳುತ್ತೇನೆ.

ನನ್ನ ಜೊತೆ ಮಾತಾಡುತ್ತಿದ್ದವನು ಪಕ್ಕದ ಮನೆಯ ಡೆಲ್ಬರ್ಟ್ ಒಬ್ಬನೇ. ನಾನು ಓಡಿಸುವ ಶಾಲಾ ಬಸ್ಸಿನ ಮಕ್ಕಳದು ಮಾತಲ್ಲ, ಗದ್ದಲ. ಶನಿವಾರ ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಡೆಲ್ಬರ್ಟ್ ನನ್ನ ಕಡೆ ಬರುತ್ತಿದ್ದ.

"ಏನ್ರೀ ವರ್ನಾ, ಹುಲ್ಲಿಗೆ ಬೈತಲೆ ತೆಗೀತಿದ್ದೀರಾ?"

"ನೀವು ಮೊದ್ಲು ನಿಮ್ಮ ಹುಲ್ಲಿನ ಹೇನು ತೆಗೀರಿ."

ಆ ಹತ್ತು ನಿಮಿಷಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಹೋದ ಅಕ್ಟೋಬರ್‌ನಲ್ಲಿ ಅವನ ಹೆಂಡತಿ ಆರ್ಡಿತ್ ತೀರಿಕೊಂಡಳು. ಈ ವಸಂತದಲ್ಲಿ ಅವನ ಯಂತ್ರ ಶೆಡ್ಡಿನಿಂದ ಹೊರಗೇ ಬರಲಿಲ್ಲ. ಅಂಗಳದ ತುಂಬ ಡ್ಯಾಂಡೆಲಿಯನ್ ಕಳೆ. ಅಡುಗೆಮನೆಯ ಕಿಟಕಿಯ ಕೆಳಗಂತೂ ನೇರಳೆ ಹೂವಿನ ವಯೊಲೆಟ್ ಒತ್ತೊತ್ತಾಗಿ ಹಬ್ಬಿತ್ತು. ಲಾನ್ ಸಾಕುವವರಿಗೆ ಅದಕ್ಕಿಂತ ಹಟಮಾರಿ ಕಳೆ ಇನ್ನೊಂದಿಲ್ಲ. "ಟೌನ್‌ಶಿಪ್ ಆಫೀಸಿಗೆ ಒಂದು ದೂರು ಕೊಡ್ಬೇಕು," ಎಂದು ಎದುರುಮನೆಯಾಕೆ ಗೊಣಗಿದಾಗ ನಾನೇ ಏನಾದರೂ ಮಾಡಬೇಕು ಎಂದುಕೊಂಡೆ.

ಮೇ ಮೊದಲ ವಾರ ಅವನು ಟೊಲೀಡೋದಲ್ಲಿರುವ ತಂಗಿಯ ಮನೆಗೆ ಹೋದ. ಮೂರು ವಾರ ಬರುವುದಿಲ್ಲ ಎಂದಿದ್ದ. ಗಾಳಿಯಿಲ್ಲದ ಒಂದು ಬೆಳಿಗ್ಗೆ ನಾನು ಕಳೆ ಕೊಲ್ಲುವ ಮದ್ದಿನ ಸ್ಪ್ರೇಯರ್ ಹೊತ್ತು ಅವನ ಅಂಗಳಕ್ಕೆ ನಡೆದೆ. ವಯೊಲೆಟ್ ಎಲೆಯ ಮೇಲೆ ಮದ್ದು ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ಅಂಟಿಕೊಳ್ಳಲೆಂದು ಅದಕ್ಕೆ ಬೇರೆ ದ್ರವ ಬೆರೆಸಬೇಕು. ಬೆರೆಸಿದೆ. ಎರಡು ವಾರದ ಮೇಲೆ ಇನ್ನೊಂದು ಸುತ್ತು ಹೊಡೆದೆ. ಹುಲ್ಲು ಕತ್ತರಿಸಿ ಅಂಚುಗಳನ್ನೂ ಒಪ್ಪಮಾಡಿದೆ. ಇದನ್ನು ನೋಡಿದರೆ ಅವನ ಮನಸ್ಸು ಹಗುರವಾಗಬಹುದು, ಶನಿವಾರಗಳು ಮತ್ತೆ ಬರಬಹುದು. ನನಗೆ ಬೇಕಿದ್ದದ್ದು ಅಷ್ಟೇ.

ಅವನು ಭಾನುವಾರ ಮಧ್ಯಾಹ್ನ ಬಂದ. ಕಾರಿನಿಂದಿಳಿದು ಚೀಲ ಹಿಡಿದುಕೊಂಡೇ ನಿಂತುಬಿಟ್ಟ. ನಾನು ಹಲ್ಲು ಕಿಸಿಯುತ್ತಾ ಹೋದೆ.

"ನಾನೇ ಮಾಡಿದ್ದು. ಹೇಗಿದೆ?"

"ಕಿಟಕಿ ಕೆಳಗಡೆ ವಯೊಲೆಟ್ ಇತ್ತಲ್ಲ?"

"ಒಂದನ್ನೂ ಬಿಟ್ಟಿಲ್ಲ."

ಅವನು ಚೀಲ ಕೆಳಗಿಟ್ಟ. "ಅದು ಆರ್ಡಿತ್ ನೆಟ್ಟಿದ್ದು ಕಣ್ರೀ. ಅವಳ ತಾಯಿ ಮನೆ ಮಾರೋವಾಗ ಅಲ್ಲಿಂದ ಅಗೆದು ತಂದಿದ್ಲು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಿಮಗಾದ್ರೂ ಹೇಗೆ ಗೊತ್ತಾಗ್ಬೇಕು, ಒಳ್ಳೇದಕ್ಕೇ ಮಾಡಿದ್ರಿ," ಎಂದು ಹೇಳಿ ಒಳಗೆ ಹೋದ. ಇಪ್ಪತ್ತು ವರ್ಷ ಅವನ ಪಕ್ಕದಲ್ಲೇ ಇದ್ದೂ ಒಂದು ಮಾತು ಕೇಳದೆ ಕೈಹಾಕಿದ್ದೆ.

ಮುಂದಿನ ಶನಿವಾರ ಅವನು ಹೊರಗೆ ಬರಲಿಲ್ಲ. ಅದರ ಮುಂದಿನ ಮಂಗಳವಾರ ಸಂಜೆ, ಚಿಕ್ಕದೊಂದು ಗುದ್ದಲಿ ಮತ್ತು ಮೊಸರಿನ ಖಾಲಿ ಡಬ್ಬಿ ಹಿಡಿದು ನನ್ನ ಬಾಗಿಲಿಗೆ ಬಂದ.

"ವರ್ನಾ, ಆ ಗಿಡದ ಬೀಜ ಸಿಡಿದು ದೂರ ಹೋಗುತ್ತಂತೆ. ಇಷ್ಟು ವರ್ಷದಲ್ಲಿ ನಿಮ್ಮ ಕಡೆಗೂ ಬಂದಿರ್ಬೇಕಲ್ವಾ? ಒಂದೇ ಒಂದು ಸಿಕ್ಕಿದ್ರೂ ಸಾಕು."

ಬಂದಿದ್ದವು. ಪ್ರತಿವರ್ಷ ಬಂದಿದ್ದವು. ಬಂದಷ್ಟನ್ನೂ ನಾನೇ ಬೇರುಸಮೇತ ಕಿತ್ತಿದ್ದೆ.

"ಹುಡುಕೋಣ ಬನ್ನಿ," ಎಂದೆ.

ಇಬ್ಬರೂ ಮಂಡಿಯೂರಿ ಗಡಿಯ ಕಡೆಯಿಂದ ಶುರುಮಾಡಿದೆವು. ಅವನು ಬೆರಳಿನಿಂದ ಹುಲ್ಲನ್ನು ಬಿಡಿಸಿ ಬಿಡಿಸಿ ನೋಡುತ್ತಿದ್ದ. ಇಷ್ಟು ಹತ್ತಿರ, ಇಷ್ಟು ಹೊತ್ತು ಅವನು ಎಂದೂ ನನ್ನ ಜೊತೆ ಇದ್ದವನಲ್ಲ. ನಾಚಿಕೆಗೆಟ್ಟ ನನ್ನ ಮನಸ್ಸು ಅದಕ್ಕೂ ಒಂದಿಷ್ಟು ಹಿಗ್ಗಿತು. ಬೇಲಿಗಿಡದ ಬುಡ, ಮೆಟ್ಟಿಲ ಸಂದಿ, ಮಳೆನೀರಿನ ಕೊಳವೆ ಇಳಿಯುವ ಜಾಗ, ಎಲ್ಲ ನೋಡಿದೆವು. ಒಂದು ಎಲೆಯೂ ಇರಲಿಲ್ಲ.

ಹೊತ್ತು ಮುಳುಗಿದಾಗ ಅವನು ಎದ್ದು ಮಂಡಿ ಕೊಡವಿಕೊಂಡ.

"ನಿಮ್ಮ ಲಾನ್ ತುಂಬಾ ಚೆನ್ನಾಗಿದೆ ವರ್ನಾ," ಎಂದ. ಅದರಲ್ಲಿ ಕೊಂಕಿರಲಿಲ್ಲ.

ಅವನು ಹೋದ ಮೇಲೂ ನಾನು ಮಂಡಿಯ ಮೇಲೇ ಇದ್ದು ಹುಡುಕುತ್ತಿದ್ದೆ.