ಜಾಕೆಟ್ ಮೇಲೆ ಕೂತ ಈಜುಗಾರ

ಜಂಗಮಕೋಟೆಯ ನರಸಿಂಹಪ್ಪನವರ ಮನೆಯಲ್ಲಿ ಒಂದು ಹೆಲ್ಮೆಟ್ ಇದೆ. ಒಳ್ಳೆಯ ಹೆಲ್ಮೆಟ್. ಅದರಲ್ಲಿ ಅವರು ಹಸುಗಳಿಗೆ ಬೂಸ ಅಳೆದು ಹಾಕುತ್ತಾರೆ. ದಾರಿಯಲ್ಲಿ ಪೊಲೀಸರು ನಿಂತಿದ್ದಾರೆಂದು ಸುದ್ದಿ ಬಂದ ದಿನ ಮಾತ್ರ ಅದನ್ನು ಕೊಡವಿ ತಲೆಗೆ ಹಾಕಿಕೊಳ್ಳುತ್ತಾರೆ. ಅಂಥ ದಿನ ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಅವರನ್ನು ದೂರದಿಂದಲೇ ಗುರುತಿಸಬಹುದು. ಹುಬ್ಬಿನ ಮೇಲೆಲ್ಲ ಬೂಸದ ಪುಡಿ.

ಇಂಥ ಮನೆಗಳು ನಮ್ಮ ಕಡೆ ಕಡಿಮೆಯೇನಲ್ಲ. ಜೀವ ಉಳಿಸುವ ವಸ್ತು ಮನೆಗೆ ಬರುತ್ತದೆ, ಬಂದ ಮೇಲೆ ಬೇರೆ ಕೆಲಸಕ್ಕೆ ಸೇರಿಕೊಳ್ಳುತ್ತದೆ.

ನರಸಿಂಹಪ್ಪನವರ ಹೆಂಡತಿ ರಾಮಲಕ್ಷ್ಮಮ್ಮ ಊರಿನ ಸ್ತ್ರೀಶಕ್ತಿ ಸಂಘದ ಸದಸ್ಯೆ. ಸಂಘದವರು ವರ್ಷಕ್ಕೊಮ್ಮೆ ಪ್ರವಾಸ ಹೋಗುತ್ತಾರೆ. ಪ್ರತಿ ಸಲ ದೇವಸ್ಥಾನಗಳೇ. ಈ ಸಲ ಮಗಳು ಸೌಜನ್ಯ ಬೇರೆ ಮಾತು ತೆಗೆದಳು. ಅವಳು ಚಿಂತಾಮಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ.

"ಕುಂದಾಪುರದ ಕಡೆ ಒಂದು ಹೊಳೆ ಇದೆ. ಕಯಾಕ್‌ನಲ್ಲಿ ಹೋಗಿ ಮೀನು ಹಿಡೀಬೋದು" ಎಂದಳು.

"ಕಯಾಕ್ ಅಂದ್ರೇನಮ್ಮ?" ಎಂದು ಸಂಘದ ಆಂಜಿನಮ್ಮ ಕೇಳಿದರು.

"ಸಣ್ಣ ದೋಣಿ ಅತ್ತೆ. ಇಬ್ರು ಹಿಂದೆ ಮುಂದೆ ಕೂತ್ಕೊಂಡು ಹುಟ್ಟು ಹಾಕೋದು. ಈ ಸಲ ಗಂಡಸರೂ ಬರ್ಬೋದು."

ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನರಸಿಂಹಪ್ಪ ಹೊರಟು ನಿಂತರು. ಊರ ಕೆರೆಯಲ್ಲಿ ಅವರನ್ನು ಮೀರಿಸುವ ಈಜುಗಾರ ಹುಟ್ಟಿಲ್ಲ ಎಂಬುದು ಅವರದೇ ಅಭಿಪ್ರಾಯ. ಗಾಳ ಹಾಕುವುದರಲ್ಲಿಯೂ ಅದೇ ಅಭಿಪ್ರಾಯ. ಅವರ ಗುಟ್ಟಿನ ಆಯುಧ ರೇಷ್ಮೆ ಹುಳ. ಗೂಡಿನಿಂದ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಸತ್ತ ಹುಳವನ್ನು ಗಾಳಕ್ಕೆ ಸಿಕ್ಕಿಸಿದರೆ ಕೆರೆಯ ಜಿಲೇಬಿ ಮೀನು ಓಡೋಡಿ ಬರುತ್ತದೆ. ಶಿಡ್ಲಘಟ್ಟದಿಂದ ಒಂದು ಡಬ್ಬಿ ತುಂಬ ಹುಳ ತಂದು ಬಸ್ಸಿನ ಸೀಟಿನ ಕೆಳಗೆ ಇಟ್ಟರು. ತುಮಕೂರು ದಾಟುವಷ್ಟರಲ್ಲಿ ಡ್ರೈವರ್ ಬಸ್ ನಿಲ್ಲಿಸಿ, ಎಲ್ಲೋ ಇಲಿ ಸತ್ತಿದೆ ಎಂದು ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದ. ನರಸಿಂಹಪ್ಪನವರೂ ಅವನ ಜತೆ ಬಗ್ಗಿ ಹುಡುಕಿದರು.

ಹೊಳೆಯ ದಡದಲ್ಲಿ ಗಿರಿಜಾ ಕಾಯುತ್ತಿದ್ದರು. ಮೀನುಗಾರರ ಮನೆಯ ಹೆಣ್ಣುಮಗಳು. ಕಯಾಕ್ ಪ್ರವಾಸ ನಡೆಸುವುದು ಅವರ ಉದ್ಯೋಗ. ಮೊದಲು ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು.

ನೀರೆಂದರೆ ನಡುಗುವ ರಾಮಲಕ್ಷ್ಮಮ್ಮ ಜಾಕೆಟ್ ಕೈಗೆ ಬಂದ ಕ್ಷಣವೇ ತೊಟ್ಟರು. ಮಗಳ ಚೂಡಿದಾರ್ ಮೇಲೆ ಜಾಕೆಟ್. ತಿಂಡಿಗೆ ಕೂತಾಗಲೂ ತೆಗೆಯಲಿಲ್ಲ. ಇಡ್ಲಿ ಬಾಯಿಗೂ ತಲುಪದೆ ತಟ್ಟೆಗೂ ತಲುಪದೆ ಜಾಕೆಟ್ ಮೇಲೆ ಕೂತಿತು. ಜಾಕೆಟ್‌ಗೆ ಕಟ್ಟಿದ್ದ ಸೀಟಿಯನ್ನು ಒಮ್ಮೆ ಊದಿ ನೋಡಿದರು. ಪಕ್ಕದ ಮನೆಯ ನಾಯಿ ಎದ್ದು ಓಡಿತು.

"ಏನೇ, ಟ್ರಾಫಿಕ್ ಪೊಲೀಸ್ ಕೆಲ್ಸ ಸಿಕ್ತಾ?" ಎಂದರು ನರಸಿಂಹಪ್ಪ.

"ನಗ್ರಿ, ನಗ್ರಿ. ಮುಳುಗೋಳು ನಾನಲ್ವಾ?"

ಗಿರಿಜಾ ಎಲ್ಲರನ್ನೂ ಕೂರಿಸಿ ಹೇಳಿದರು. "ಇದು ನಿಮ್ಮ ಕೆರೆಯ ಹಾಗಲ್ಲ. ಸಮುದ್ರ ಹತ್ರ ಉಂಟು. ಈಗ ಉಬ್ಬರ, ಸಮುದ್ರದ ನೀರು ಹೊಳೆ ಒಳಗೆ ಹತ್ತುತ್ತಾ ಉಂಟು. ಆಮೇಲೆ ಇಳಿತ. ಆಗ ಹೊಳೆ ಎಲ್ಲವನ್ನೂ ಸಮುದ್ರದ ಬಾಯಿಗೆ ಎಳೀತದೆ. ಇಳಿತ ಶುರುವಾಗುವ ಮೊದಲು ನಾನು ಸೀಟಿ ಹೊಡೀತೇನೆ. ಎಲ್ಲರೂ ತಿರುಗಿ ಬರ್ಬೇಕು. ಕಯಾಕ್‌ನಲ್ಲಿ ಎದ್ದು ನಿಲ್ಲಬಾರದು. ಬಿದ್ರೆ ಕಯಾಕ್ ಬಿಡಬಾರದು. ಹಿಡ್ಕೊಂಡು ಸೀಟಿ ಊದಿ, ನಾನು ಬರ್ತೇನೆ."

"ನದಿ ಹಿಂದಕ್ಕೆ ಹತ್ತುತ್ತಾ? ಯಾರು ಹತ್ತಿಸ್ತಾರೆ, ಮೋಟರ್ ಇಟ್ಟವ್ರಾ?" ಎಂದು ನರಸಿಂಹಪ್ಪ ಕೇಳಿದರು.

"ಚಂದ್ರ ಎಳೀತಾನೆ ಅಪ್ಪ. ಸೂರ್ಯನೂ ಸ್ವಲ್ಪ ಎಳೀತಾನೆ" ಎಂದಳು ಸೌಜನ್ಯ.

"ಹಗಲೊತ್ತಲ್ಲಿ ಚಂದ್ರನಿಗೆ ಏನಮ್ಮಾ ಕೆಲ್ಸ?"

"ನಮ್ಗೆ ಕಾಣ್ದಿದ್ರೂ ಇರ್ತಾನಲ್ಲ. ನೀನು ಜಾಕೆಟ್ ಹಾಕ್ಕೋ ಮೊದ್ಲು."

"ಹೊಟ್ಟೆ ಹಿಡಿಯುತ್ತೆ ಕಣಮ್ಮ. ಈಜು ಬರ್ದೇ ಇರೋರಿಗೆ ಇದು."

"ಜಾಕೆಟ್ ಇಲ್ದವರು ದಡದಲ್ಲೇ ಕೂರ್ಬೇಕು ಮಾರಾಯ್ರೆ" ಎಂದರು ಗಿರಿಜಾ. ಅವರ ದನಿಯಲ್ಲಿ ಚೌಕಾಸಿಗೆ ಜಾಗವಿರಲಿಲ್ಲ. ನರಸಿಂಹಪ್ಪ ಪಂಚೆ ಎತ್ತಿ ಕಟ್ಟಿ, ಜಾಕೆಟ್ ತೊಟ್ಟು, ಹೆಂಡತಿಯ ಹಿಂದೆ ಕಯಾಕ್ ಹತ್ತಿದರು.

ಮೊದಲ ತಿರುವು ದಾಟಿ ಗಿರಿಜಾ ಕಣ್ಮರೆಯಾದದ್ದೇ, ನರಸಿಂಹಪ್ಪ ಜಾಕೆಟ್ ಬಿಚ್ಚಿದರು. ಕಯಾಕ್‌ನ ಸೀಟು ಗಟ್ಟಿಯಾಗಿತ್ತು. ಜಾಕೆಟ್ ಮೆತ್ತಗಿತ್ತು. ಮಡಚಿ ಕೆಳಗೆ ಹಾಕಿಕೊಂಡು ಕೂತರು.

"ರೀ, ಏನ್ ಮಾಡ್ತಿದೀರ ಹಿಂದೆ?"

"ಆರಾಮಾಗಿ ಕೂತಿದೀನಿ. ನೀನು ಮುಂದೆ ನೋಡು."

ಮುಂದಿನ ಕಯಾಕ್‌ನಲ್ಲಿದ್ದ ಆವಲಪ್ಪ, ಊರಿನ ಹಾಲು ಡೇರಿಯ ಕಾರ್ಯದರ್ಶಿ, ಆಂಜಿನಮ್ಮನವರ ಗಂಡ, ಸ್ವಲ್ಪ ಹೊತ್ತಿಗೇ ಒಂದು ಕಾಣೆ ಮೀನು ಎತ್ತಿದರು. ಗಿರಿಜಾ ಕೊಟ್ಟ ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸಿದ್ದರು. ಆಮೇಲೆ ಇನ್ನೊಂದು. ನರಸಿಂಹಪ್ಪನವರ ರೇಷ್ಮೆ ಹುಳದ ಹತ್ತಿರ ಯಾವ ಮೀನೂ ಸುಳಿಯಲಿಲ್ಲ.

"ಏಮಯ್ಯಾ ನರಸಿಂಹಪ್ಪಾ, ಇಲ್ಲಿ ಮೀನುಗಳಿಗೆ ಶಿಡ್ಲಘಟ್ಟ ಗೊತ್ತಿಲ್ವೇನೋ!" ಎಂದು ಆವಲಪ್ಪ ಕೂಗಿದರು. ಸಂಘದವರೆಲ್ಲ ನಕ್ಕರು. ಆಂಜಿನಮ್ಮ ಎರಡೂ ಮೀನುಗಳನ್ನು ಎತ್ತಿ ಹಿಡಿದು ತೋರಿಸಿದರು. ಒಂದು ಸಾಲದೆಂದು.

ಗಿರಿಜಾರ ಸೀಟಿ ಕೇಳಿಸಿದಾಗ ಎಲ್ಲರೂ ತಿರುಗಿದರು. ನರಸಿಂಹಪ್ಪ ಮಾತ್ರ ತಿರುಗಲಿಲ್ಲ.

"ಕರೀತಿದಾರೆ ರೀ. ಹೋಗಣ."

"ತಡೀ. ಬರೀ ಕೈಯಲ್ಲಿ ಹೋಗಿ ಆ ಆವಲಪ್ಪನ ಮುಂದೆ ನಿಂತ್ಕೊಳ್ಲಾ? ಒಂದೇ ಒಂದು ಮೀನು."

ಅಲ್ಲೊಂದು ಕುದ್ರು ಇತ್ತು. ಹೊಳೆಯ ನಡುವಿನ ಪುಟ್ಟ ದ್ವೀಪಕ್ಕೆ ಆ ಕಡೆ ಹಾಗೆನ್ನುತ್ತಾರೆ. ಅದರ ಮಗ್ಗುಲಿಗೆ ಮೀನುಗಾರರು ಬಲೆ ಕಟ್ಟಲು ನೆಟ್ಟ ಮರದ ಕಂಬವೊಂದಿತ್ತು. ನರಸಿಂಹಪ್ಪ ಅದರ ಹತ್ತಿರ ಗಾಳ ಎಸೆದರು. ಅಷ್ಟರಲ್ಲಿ ಉಬ್ಬರ ಮುಗಿದು ಇಳಿತ ಶುರುವಾಗಿತ್ತು. ಕಂಬದ ಬುಡದಲ್ಲಿ ನೀರು ಬಾಲದಂತೆ ಸುಳಿಯತೊಡಗಿತ್ತು. ಅದನ್ನು ಅವರು ಗಮನಿಸಲಿಲ್ಲ. ಕೆರೆಯ ನೀರು ಇಳಿಯುವುದಕ್ಕೆ ಬೇಸಿಗೆ ಬರಬೇಕು. ಇಷ್ಟು ಬೇಗ ಇಳಿಯುವ ನೀರನ್ನು ಅವರು ಕಂಡಿರಲಿಲ್ಲ.

ಗಾಳ ಜಗ್ಗಿತು.

"ಸಿಕ್ತು! ಸಿಕ್ತು ಕಣೇ! ದೊಡ್ಡದು! ಆವಲಪ್ಪನ ಎರಡೂ ಸೇರಿದ್ರೆ ಇದ್ರ ಬಾಲ!"

ಕೆರೆ ಏರಿಯ ಮೇಲೆ ನಿಂತು ಎಳೆದು ಅಭ್ಯಾಸ. ಇಲ್ಲಿಯೂ ಎಳೆಯಲು ಎದ್ದು ನಿಂತರು. ಕಯಾಕ್ ಮಗುಚಿತು.

ರಾಮಲಕ್ಷ್ಮಮ್ಮ ಮುಳುಗುವ ಮೊದಲೇ ಮೇಲೆ ಬಂದರು. ಕೈಗೆ ಸಿಕ್ಕಿದ ಕಂಬವನ್ನು ತಬ್ಬಿ, ಇನ್ನೊಂದು ಕೈಯಲ್ಲಿ ಕಯಾಕ್‌ನ ಹಗ್ಗ ಹಿಡಿದರು. ಹಲ್ಲಿನಲ್ಲಿ ಸೀಟಿ ಕಚ್ಚಿ ಊದತೊಡಗಿದರು. ನರಸಿಂಹಪ್ಪನೂ ಮೇಲೆ ಬಂದರು. ನಗುತ್ತಲೇ ಬಂದರು.

"ಹೆದರ್ಬೇಡ. ಆ ತೆಂಗಿನ ಮರದ ಹತ್ರ ದಡ. ಹೋಗಿ ಜನ ಕರ್ಕೊಂಡು ಬರ್ತೀನಿ."

"ಬಿಡ್ಬೇಡಿ ಅಂದ್ರಲ್ರೀ ಅವ್ರು! ಇದನ್ನ ಹಿಡ್ಕೊಳ್ಳಿ!"

ಅವರು ಆಗಲೇ ಕೈ ಬೀಸಿದ್ದರು. ಕೆರೆಯಲ್ಲಿ ಒಂದು ಮರ ನೋಡಿಕೊಂಡು ಈಜಿದರೆ ಮರ ಹತ್ತಿರ ಬರುತ್ತದೆ. ಇಲ್ಲಿ ತೆಂಗಿನ ಮರ ಪಕ್ಕಕ್ಕೆ ಸರಿಯಿತು. ಅವರು ಜೋರಾಗಿ ಈಜಿದರು. ಮರ ಇನ್ನೂ ಜೋರಾಗಿ ಸರಿಯಿತು. ಹಿಂತಿರುಗಿ ನೋಡಿದರೆ ಹೆಂಡತಿಯೂ ಕಂಬವೂ ದೂರ, ಹೊಳೆಯ ಮೇಲುಗಡೆ ಇದ್ದವು. ಪಂಚೆ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. ಉಪ್ಪು ನೀರು ಬಾಯಿಗೆ ನುಗ್ಗಿತು. ಅವರು ಮಡಚಿ ಕೂತಿದ್ದ ಜಾಕೆಟ್ ಅವರ ಪಾಡಿಗೆ ಅವರನ್ನು ಬಿಟ್ಟು, ಬಹಳ ಚೆನ್ನಾಗಿ ತೇಲುತ್ತ, ಗಾಳಿಗೆ ಸಮುದ್ರದ ಕಡೆ ಹೋಗುತ್ತಿತ್ತು.

ಕಂಬದ ಕಡೆಗೆ ತಿರುಗಿ ಈಜಿದರು. ಇದ್ದ ಬಲವೆಲ್ಲ ಹಾಕಿ ಈಜಿದರು. ಪ್ರತಿ ಬೀಸಿಗೂ ಕಂಬ ಒಂದಿಷ್ಟು ದೂರವಾಯಿತು.

"ರಾಮೀ..." ಎಂದರು. ಮದುವೆಯಾದ ಹೊಸತರಲ್ಲಿ ಬಿಟ್ಟರೆ ಆ ಹೆಸರಿನಿಂದ ಅವರು ಕರೆದದ್ದೇ ಇಲ್ಲ.

ರಾಮಲಕ್ಷ್ಮಮ್ಮನಿಗೆ ಆ ಒಂದು ಕೂಗಿನಲ್ಲೇ ಎಲ್ಲ ತಿಳಿಯಿತು. ಕಂಬ ಅವರನ್ನು ಕಾಪಾಡುತ್ತಿತ್ತು. ಹಾಗೆಯೇ ಅದನ್ನು ತಬ್ಬಿಕೊಂಡಿದ್ದರೆ ಗಿರಿಜಾ ಬಂದು ಎತ್ತಿಕೊಳ್ಳುತ್ತಾರೆ. ಆದರೆ ಗಂಡ ಅಷ್ಟು ಹೊತ್ತು ಇರುತ್ತಾರೆಯೇ? ಅವರು ಒಮ್ಮೆ ತಮ್ಮ ಎದೆಯ ಮೇಲಿನ ಕಿತ್ತಳೆ ಜಾಕೆಟ್ಟನ್ನು ಗಲ್ಲದಿಂದ ಒತ್ತಿ ನೋಡಿದರು. ಕಣ್ಣು ಮುಚ್ಚಿದರು. ಕಂಬ ಬಿಟ್ಟರು.

ಹೊಳೆ ಅವರನ್ನೂ ಕಯಾಕನ್ನೂ ಎತ್ತಿಕೊಂಡು ಹೊರಟಿತು. ಆಗೊಂದು ವಿಚಿತ್ರ ನಡೆಯಿತು. ಅದುವರೆಗೆ ವ್ಯರ್ಥವಾಗುತ್ತಿದ್ದ ನರಸಿಂಹಪ್ಪನವರ ಕೈ ಬೀಸು ಈಗ ಕೆಲಸ ಮಾಡಿತು. ಕಂಬ ನೆಲಕ್ಕೆ ನೆಟ್ಟದ್ದು, ಹೊಳೆ ಅವರನ್ನು ಅದರಿಂದ ದೂರ ಒಯ್ಯುತ್ತಿತ್ತು. ಆದರೆ ಹೆಂಡತಿ ಈಗ ಅವರ ಜತೆ ಅದೇ ನೀರಿನಲ್ಲಿ, ಅದೇ ವೇಗದಲ್ಲಿ ಹೋಗುತ್ತಿದ್ದರು. ಆದ್ದರಿಂದ ಒಂದೊಂದು ಬೀಸಿಗೂ ಇಬ್ಬರ ನಡುವಿನ ನೀರು ಕಡಿಮೆಯಾಯಿತು. ಆ ಹೊತ್ತಿನಲ್ಲಿ ಅವರಿಗೆ ಈ ಲೆಕ್ಕ ಹೊಳೆಯಲಿಲ್ಲ. ಹೆಂಡತಿಯ ಮುಖ ದೊಡ್ಡದಾಗುತ್ತಿದೆ ಎಂದಷ್ಟೇ ಕಂಡಿತು.

"ನನ್ನ ಮೇಲೆ ಬೀಳ್ಬೇಡಿ! ಇದನ್ನ ಹಿಡೀರಿ, ಇದನ್ನ!" ಎಂದು ರಾಮಲಕ್ಷ್ಮಮ್ಮ ಕಯಾಕ್‌ಗೆ ಕಟ್ಟಿದ್ದ ಹುಟ್ಟನ್ನು ಚಾಚಿದರು. ನರಸಿಂಹಪ್ಪ ಅದರ ತುದಿ ಹಿಡಿದರು. ಆಮೇಲೆ ಕಯಾಕ್ ಹಿಡಿದರು. ಬೋರಲಾಗಿದ್ದ ಕಯಾಕ್‌ನ ಮೇಲೆ ಗಲ್ಲವಿಟ್ಟು, ಕರು ಹಾಕಿದ ಹಸುವಿನಂತೆ ಉಸಿರು ಬಿಟ್ಟರು.

ಸೀಟಿಯ ಜಾಡು ಹಿಡಿದು ಗಿರಿಜಾ ಮತ್ತು ಸೌಜನ್ಯ ಅಷ್ಟರಲ್ಲಿ ತೇಲಿ ಹೋಗುತ್ತಿದ್ದವರ ಬಳಿಗೆ ಬಂದಿದ್ದರು. ಹಗ್ಗ ಕಟ್ಟಿ ಇಬ್ಬರನ್ನೂ ದಡಕ್ಕೆ ಎಳೆದು ತಂದರು.

ದಡದಲ್ಲಿ ನರಸಿಂಹಪ್ಪ ಆವಲಪ್ಪನ ಟವೆಲ್ ಸುತ್ತಿಕೊಂಡು ಕೂತರು. ಪಂಚೆ ಹೊಳೆಯ ಪಾಲಾಗಿತ್ತು. ಗಿರಿಜಾ ಟೀ ಲೋಟ ಕೈಗಿಟ್ಟರು.

"ಮೀನು ದೊಡ್ಡದಿತ್ತು" ಎಂದರು.

ಗಿರಿಜಾ ತಣ್ಣಗೆ ಹೇಳಿದರು, "ನಿಮ್ಮ ಗಾಳ ಇನ್ನೂ ಅಲ್ಲೇ ಉಂಟು. ಕಂಬದ ಹಳೇ ಬಲೆಗೆ ಸಿಕ್ಕಿದೆ."

ಆವಲಪ್ಪ ಬಾಯಿ ತೆರೆದರು. ಆಂಜಿನಮ್ಮ ಗಂಡನ ಮೊಣಕೈ ಚಿವುಟಿದರು. ಆದರೂ ಆವಲಪ್ಪನಿಗೆ ತಡೆಯಲಾಗಲಿಲ್ಲ. "ಕಂಬ ಹಿಡಿಯೋಕ್ಕಾ ಅಷ್ಟು ದೂರ ಹೋಗಿದ್ದು?"

ಯಾರೂ ನಗಲಿಲ್ಲ. ಮೊದಲು ನಕ್ಕವರು ನರಸಿಂಹಪ್ಪನೇ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನೀನ್ಯಾಕೆ ಕಂಬ ಬಿಟ್ಟೆ? ನಿಂಗೆ ಈಜು ಬರಲ್ಲ."

"ಜಾಕೆಟ್ ಇತ್ತಲ್ಲ. ನಾನು ಮುಳುಗಲ್ಲ ಅಂತ ಗೊತ್ತಿತ್ತು" ಎಂದರು ರಾಮಲಕ್ಷ್ಮಮ್ಮ. ಆಮೇಲೆ ಸೇರಿಸಿದರು, "ಇಲ್ದಿದ್ರೂ ಬಿಡ್ತಿದ್ದೆ. ಆಗ ಇಬ್ರೂ ಹೋಗ್ತಿದ್ವಿ."

ನರಸಿಂಹಪ್ಪ ತಮ್ಮ ಟೀ ಲೋಟವನ್ನು ಹೆಂಡತಿಯ ಕಡೆ ಚಾಚಿದರು.

"ಅಪ್ಪ, ನೀನು ಚೆನ್ನಾಗೇ ಈಜ್ತೀಯ. ನಿನ್ನ ಈಜಿನ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೆ ಹೊಳೆಗೆ ಸುಸ್ತಾಗಲ್ಲ, ನಿಂಗೆ ಆಗುತ್ತೆ. ಅಷ್ಟೇ ವಿಷ್ಯ" ಎಂದಳು ಸೌಜನ್ಯ.

"ಇನ್ನೊಂದು ಜಾಕೆಟ್ ಇದ್ಯೇನಮ್ಮ?" ಎಂದು ನರಸಿಂಹಪ್ಪ ಗಿರಿಜಾರನ್ನು ಕೇಳಿದರು. ಸಂಜೆ ದೊಡ್ಡ ದೋಣಿಯಲ್ಲಿ ಕುದ್ರು ಸುತ್ತಿಸಿದಾಗ ಅದನ್ನು ತೊಟ್ಟು, ಎಲ್ಲ ಬಕಲ್‌ಗಳನ್ನೂ ಹಾಕಿಕೊಂಡು, ಹೊಟ್ಟೆ ಹಿಡಿಯುತ್ತದೆ ಎಂದು ಒಂದು ಮಾತೂ ಆಡದೆ ಕೂತರು.

ಊರಿಗೆ ಮರಳಿದ ವಾರದಲ್ಲೇ ಅವರು ಮಾಡಿದ ಕೆಲಸ ನೋಡಿ ಪಕ್ಕದ ಹೊಲದ ಚೆನ್ನರಾಯಪ್ಪನಿಗೆ ಆಶ್ಚರ್ಯವಾಯಿತು. ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸಲು ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿದ್ದ ಕೃಷಿ ಹೊಂಡದ ಸುತ್ತ ನರಸಿಂಹಪ್ಪ ಬೇಲಿ ಹಾಕಿಸುತ್ತಿದ್ದರು. ಅಲ್ಲಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನು ದಡದ ಗೂಟಕ್ಕೆ ಬಿಗಿದು ನೀರಿನೊಳಕ್ಕೆ ಇಳಿಬಿಟ್ಟಿದ್ದರು. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬೊಂದು ಪಕ್ಕದಲ್ಲಿ ನೇತಾಡುತ್ತಿತ್ತು.

"ಏನಪ್ಪಾ, ಇಷ್ಟಗಲ ನೀರಿಗೂ ಹೆದರಿಕೊಂಡ್ಯಾ? ಈಜು ಬರುತ್ತೆ ಅಂತಿದ್ದೆ?"

"ಬರುತ್ತೆ ಕಣೋ. ಈ ಪ್ಲಾಸ್ಟಿಕ್ ಹಾಳೆ ಮೇಲೆ ಇಳಿದು ಹತ್ತಿ ಬಾ, ನೋಡಣ. ಕಾಲು ನಿಲ್ಲುತ್ತಾ? ಈಜಿ ಈಜಿ ದಡಕ್ಕೆ ಬರ್ತೀಯ, ಹತ್ತಕ್ಕಾಗಲ್ಲ. ಹಿಡ್ಕೊಳಕ್ಕೆ ಏನಿದೆ?"

ಚೆನ್ನರಾಯಪ್ಪ ಹಾಳೆಯನ್ನು ಕೈಯಿಂದ ಸವರಿ ನೋಡಿದ. ಪಾಚಿ ಕಟ್ಟಿ ನುಣುಪಾಗಿತ್ತು. ಅವನದೂ ಇಂಥದೇ ಹೊಂಡ. ಅವನ ಮೊಮ್ಮಕ್ಕಳು ರಜೆಗೆ ಬಂದಿದ್ದರು.

"ಹಗ್ಗ ಇನ್ನೊಂದಿದ್ಯಾ?" ಎಂದ.

"ಬಾ, ಗಂಟು ಹಾಕೋದು ತೋರಿಸ್ತೀನಿ."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಮಾತು ಈಜು ಬಾರದವರಿಗಿಂತ ಈಜು ಬರುವವರಿಗೆ. ಬಾರದವರು ಹೇಗೂ ಹೆದರಿ ಎಚ್ಚರದಿಂದಿರುತ್ತಾರೆ. ದೋಣಿ ಹತ್ತುವ ಮೊದಲು ಲೈಫ್ ಜಾಕೆಟ್ ತೊಟ್ಟು ಬಕಲ್ ಹಾಕಿಕೊಳ್ಳಿ. ದಡಕ್ಕೆ ಮರಳುವವರೆಗೆ ಬಿಚ್ಚಬೇಡಿ. ಸಮುದ್ರದ ಹತ್ತಿರದ ಹೊಳೆಯಾದರೆ ಇಳಿತ ಯಾವಾಗ ಎಂದು ಅಲ್ಲಿನವರನ್ನು ಕೇಳಿ, ಅವರು ವಾಪಸ್ ಕರೆದಾಗ ಬನ್ನಿ. ಬಿದ್ದರೆ ದೋಣಿ ಬಿಡಬೇಡಿ. ನಿಮ್ಮ ಹೊಲದಲ್ಲಿ ಕೃಷಿ ಹೊಂಡವಿದ್ದರೆ ಬೇಲಿ ಹಾಕಿ, ಗಂಟಿನ ಹಗ್ಗ ಇಳಿಬಿಡಿ, ಒಂದು ಟ್ಯೂಬ್ ಕಟ್ಟಿ. ಯಾರಾದರೂ ಮುಳುಗುತ್ತಿದ್ದರೆ ಬರಿಗೈಯಲ್ಲಿ ಹಿಂದೆ ಹಾರಬೇಡಿ. ಹಗ್ಗ ಎಸೆಯಿರಿ, ಕೋಲು ಚಾಚಿ, ಕೂಗಿ ಜನ ಸೇರಿಸಿ.

ಆದರೂ ನೀವು ಮುಳುಗುವುದನ್ನು ಕಂಡರೆ ನಿಮ್ಮ ಮನೆಯವರು ಈ ಮಾತು ಕೇಳುವುದಿಲ್ಲ. ಈಜು ಬಾರದಿದ್ದರೂ ಹಾರುತ್ತಾರೆ. ಬಕಲ್ ಹಾಕುವಾಗ ನಿಮ್ಮನ್ನು ನೆನೆಯಬೇಡಿ, ಅವರನ್ನು ನೆನೆಯಿರಿ.