ಮೂರನೇ ಬೇಸಿನ ಕಡೆಗೆ ಓಡಿದವಳು

"ಇಡೀ ಟೀಮೇ ಎಡಚರಾ?" ಎಂದು ಉಪನ್ಯಾಸಕಿ ಕೇಳಿದಾಗ ಪಿ.ಟಿ. ಮೇಡಂ ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ಏಣಿಯ ಮೇಲಿದ್ದರು.

"ಯಾವ ಟೀಮು?" ಮೊಳೆಗಳನ್ನು ಅಂಗೈಗೆ ಉಗುಳಿ ಅವರು ಕೆಳಗೆ ನೋಡಿದರು.

"ಫೀಲ್ಡ್ ಮಾಡ್ತಿರೋರು. ಫೋಟೊದಲ್ಲಿ ನಾಲ್ಕು ಜನ ಚೆನ್ನಾಗಿ ಕಾಣ್ತಾರೆ. ನಾಲ್ಕೂ ಜನರ ಗ್ಲೌಸು ಬಲಗೈಯಲ್ಲಿದೆ."

"ಇದ್ರೆ ಇರ್ಲಿ ಬಿಡಿ. ಪುಣ್ಯಕ್ಕೆ ಕೈಯಲ್ಲೇ ಇದೆಯಲ್ಲ."

ಉಪನ್ಯಾಸಕಿ ನಗಲಿಲ್ಲ. ಲ್ಯಾಬಿನಿಂದ ತಂದಿದ್ದ ಭೂತಗನ್ನಡಿಯನ್ನು ಮತ್ತೆ ಫೋಟೊದ ಗಾಜಿಗೆ ಹಿಡಿದಳು. ಬಲಗೈಯಲ್ಲಿ ಎಸೆಯುವವರು ಗ್ಲೌಸನ್ನು ಎಡಗೈಗೆ ಹಾಕುತ್ತಾರೆ. ನೂರಕ್ಕೆ ಹತ್ತು ಜನ ಎಡಚರು ಎಂದಿಟ್ಟುಕೊಂಡರೂ, ನಾಲ್ವರೂ ಎಡಚರಾಗಿರುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು. ಆಗದ ಮಾತೇನಲ್ಲ. ಆದರೆ ಅಷ್ಟು ಅಪರೂಪದ್ದು ಆಗಿದೆ ಎಂದು ಒಪ್ಪಿಕೊಳ್ಳುವ ಮೊದಲು, ಅದಕ್ಕಿಂತ ಸಾಧಾರಣವಾದ ಕಾರಣ ಯಾವುದಾದರೂ ಇದೆಯೇ ಎಂದು ಹುಡುಕಬೇಕು ಎಂದು ಅವಳೇ ಪ್ರತಿವರ್ಷ ಮೊದಲ ಪಾಠದಲ್ಲಿ ಹೇಳುತ್ತಿದ್ದಳು.

ಅಂತರಕಾಲೇಜು ಮಹಿಳಾ ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ಪಿಗೆ ಐವತ್ತು ತುಂಬುತ್ತಿತ್ತು. ಅದರ ಚರಿತ್ರೆಯ ಪ್ರದರ್ಶನಕ್ಕೆಂದು ಕ್ರೀಡಾ ಸಾಮಾನಿನ ಕೋಣೆಯನ್ನು ತೊಳೆದು ಸುಣ್ಣ ಬಳಿದಿದ್ದರು. ಸುಣ್ಣದ ವಾಸನೆಯ ಅಡಿಯಲ್ಲಿ ಹಳೆಯ ಚರ್ಮದ, ಬೆವರಿನ ವಾಸನೆ ಇನ್ನೂ ಹಾಗೇ ಇತ್ತು. ಒಂದು ಮೇಜಿನ ಮೇಲೆ ಹರಿದ ಚೆಂಡುಗಳು, ಇನ್ನೊಂದರ ಮೇಲೆ ವಿಜೇತರ ಹೆಸರು ಕೆತ್ತಿದ ದೊಡ್ಡ ಕಪ್ಪು. ಈ ಕೋಣೆಗೆ ದೇವರಿದ್ದ ಹಾಗೆ ಇದ್ದದ್ದು ಮಾತ್ರ ಆ ಫೋಟೊ, ಮೊಟ್ಟಮೊದಲ ಫೈನಲ್ಲಿನದು. ಬ್ಯಾಟು ನೆಲಕ್ಕೆ ಎಸೆದ ಹುಡುಗಿಯೊಬ್ಬಳು ತಲೆ ತಗ್ಗಿಸಿ ಶರವೇಗದಲ್ಲಿ ಓಡುತ್ತಿದ್ದಾಳೆ, ಎಡಕ್ಕೆ. ಸಾಫ್ಟ್‌ಬಾಲಿನಲ್ಲಿ ಹೊಡೆದವಳು ಓಡಬೇಕಾದದ್ದು ಬಲಕ್ಕೆ, ಮೊದಲನೇ ಬೇಸಿನತ್ತ. ಎಡಗಡೆ ಇರುವುದು ಮೂರನೇ ಬೇಸು.

ಆತುರದಲ್ಲಿ ದಿಕ್ಕು ತಪ್ಪಿ ಓಡಿ, ಒಂದೇ ಒಂದು ರನ್ನಿನಿಂದ ತನ್ನ ಕಾಲೇಜಿಗೆ ಫೈನಲ್ ಕೈತಪ್ಪಿಸಿದ ಆ ಹುಡುಗಿಯ ಕಥೆ ಗೊತ್ತಿಲ್ಲದ ಆಟಗಾರ್ತಿ ಇರಲಿಲ್ಲ. ಹೊಸದಾಗಿ ತಂಡ ಸೇರಿದವರನ್ನು ಫೋಟೊ ಮುಂದೆ ನಿಲ್ಲಿಸಿ, "ಹೊಡೆಯೋದು ಆಮೇಲೆ ಕಲೀರಿ, ಮೊದಲು ಯಾವ ಕಡೆ ಓಡ್ಬೇಕು ಕಲೀರಿ" ಎನ್ನುವುದು ವಾಡಿಕೆಯಾಗಿತ್ತು. ಮೊದಲ ಪಂದ್ಯಕ್ಕೆ ಮುನ್ನ ನಾಯಕಿಯರಿಬ್ಬರೂ ಮೂರನೇ ಬೇಸಿನವರೆಗೆ ನಡೆದುಹೋಗಿ ಕಾಲು ತಾಕಿಸಿ ಬರುತ್ತಿದ್ದರು. ಹಾಗೆ ಮಾಡಿದರೆ ಅಂದು ಯಾರೂ ದಿಕ್ಕು ತಪ್ಪುವುದಿಲ್ಲವಂತೆ. ಚಾಂಪಿಯನ್‌ಶಿಪ್ಪಿನ ಚಿಹ್ನೆ ಕೂಡ ಅದೇ, ಎಡಕ್ಕೆ ಓಡುವ ಹುಡುಗಿ. ಆ ಹುಡುಗಿ ಉಪನ್ಯಾಸಕಿಗೆ ದೊಡ್ಡಮ್ಮನಾಗಬೇಕು, ತಾಯಿಯ ಅಕ್ಕ. ಶನಿವಾರದ ಸಮಾರಂಭಕ್ಕೆ ಮುಖ್ಯ ಅತಿಥಿಯೂ ಅವಳೇ. ಎಲ್ಲರೆದುರು ಇನ್ನೊಮ್ಮೆ ಮೂರನೇ ಬೇಸಿನ ಕಡೆಗೆ ಓಡಿ ತೋರಿಸಲು ಒಪ್ಪಿಕೊಂಡಿದ್ದಳು.

"ಅಂಪೈರ್ ವಾಚು ನೋಡಿ," ಎಂದಳು ಉಪನ್ಯಾಸಕಿ. "ಬಲಗೈಯಲ್ಲಿದೆ. ಅಂಗಿ ಜೇಬೂ ಬಲಕ್ಕೇ."

ಪಿ.ಟಿ. ಮೇಡಂ ಏಣಿಯಿಂದ ಇಳಿದು ಬಂದರು. ಅವರಿಗೆ ಜೇಬು, ವಾಚು ಬೇಕಾಗಿರಲಿಲ್ಲ. ಫೋಟೊದ ಎಡತುದಿಯಲ್ಲಿ, ಬೇಸಿನ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಮುಂದಕ್ಕೆ ಚಾಚಿ, ಗ್ಲೌಸು ನೀಡಿ ನಿಂತವಳನ್ನು ಬಹಳ ಹೊತ್ತು ನೋಡಿದರು.

"ಅಯ್ಯೋ ಶಿವನೇ," ಎಂದರು ಮೆಲ್ಲಗೆ. "ಇವಳು ಸ್ಟ್ರೆಚ್ ಮಾಡ್ತಿದಾಳೆ. ಮೂರನೇ ಬೇಸಿನವಳು ಹೀಗ್ಯಾಕೆ ನಿಲ್ತಾಳೆ? ಇದು ಎಸೆದ ಬಾಲ್ ಹಿಡಿಯೋಕೆ ಮೊದಲನೇ ಬೇಸಿನವಳು ನಿಲ್ಲೋ ರೀತಿ. ಇಪ್ಪತ್ತು ವರ್ಷದಿಂದ ದಿನಾ ನೋಡ್ತಿದೀನಲ್ರೀ ನಾನು."

"ಎಲ್ಲರೂ ಓಡೋಳನ್ನೇ ನೋಡ್ತಾರೆ."

ಸ್ಟುಡಿಯೊದಲ್ಲಿ ಫೋಟೊ ದೊಡ್ಡದು ಮಾಡುವಾಗ ನೆಗೆಟಿವ್ ಮಗುಚಿ ಹಾಕಿದ್ದರು, ಅಷ್ಟೇ. ಉಪನ್ಯಾಸಕಿ ಮೊಬೈಲಿನಲ್ಲಿ ಚಿತ್ರ ತೆಗೆದು ಅದನ್ನು ಎಡಬಲ ಮಗುಚಿದಳು. ಗ್ಲೌಸುಗಳು ಎಡಗೈಗೆ ಹೋದವು, ವಾಚು ಎಡಗೈಗೆ ಬಂತು. ಹುಡುಗಿ ಬಲಕ್ಕೆ ಓಡಿದಳು. ಇದ್ದಕ್ಕಿದ್ದಂತೆ ಅದು ಯಾರೂ ಎರಡನೇ ಸಲ ನೋಡದಂಥ ಸಾಧಾರಣ ಫೋಟೊ ಆಗಿಬಿಟ್ಟಿತು.

"ಐನೂರು ಟೀ ಶರ್ಟ್ ಪ್ರಿಂಟಾಗಿ ಬಂದಿದೆ," ಎಂದರು ಪಿ.ಟಿ. ಮೇಡಂ. "ನಿಮ್ಮ ದೊಡ್ಡಮ್ಮನಿಗೆ ಭಾನುವಾರ ಹೇಳಿದ್ರೆ ಆಗಲ್ವಾ?"

*

ದೊಡ್ಡಮ್ಮ ಎರಡನೇ ಮಹಡಿಯ ತನ್ನ ಮನೆಯ ಬಾಲ್ಕನಿಯಲ್ಲಿ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ನಡೆದು ಹದ ಮಾಡುತ್ತಿದ್ದಳು. ದೂರವಾಣಿ ಕೇಂದ್ರದಲ್ಲಿ ಆಪರೇಟರಾಗಿ ನಿವೃತ್ತಿಯಾದವಳು. ಹಳೆಯ ಬೋರ್ಡಿನ ಇನ್ನೂರು ತೂತುಗಳಲ್ಲಿ ಒಂದರ ವಯರನ್ನು ತಪ್ಪಿ ಇನ್ನೊಂದಕ್ಕೆ ಸಿಕ್ಕಿಸಿದ್ದು ಯಾರಿಗೂ ನೆನಪಿಲ್ಲ. ಆದರೂ ಮನೆಯವರ ಬಾಯಲ್ಲಿ ಅವಳು 'ಉಲ್ಟಾ.' ಬಸ್ಸು ತಪ್ಪಿದರೆ ಉಲ್ಟಾ, ಪಲ್ಯಕ್ಕೆ ಉಪ್ಪು ಜಾಸ್ತಿಯಾದರೂ ಉಲ್ಟಾ. ಸ್ಕೂಟರ್ ಕಲಿಯುತ್ತೇನೆಂದಾಗ ದೊಡ್ಡಪ್ಪ, "ನೀನು ಹೋಗೋದು ಸರಿ, ಎದುರಿಗೆ ಬರೋರ ಗತಿ?" ಎಂದಿದ್ದರು. ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಕಲಿಯಲಿಲ್ಲ.

"ಭಾಷಣ ಕೇಳು," ಎಂದಳು ಬಂದವಳನ್ನು ಕೂರಲೂ ಬಿಡದೆ. "ಬ್ಯಾಟಿಗೆ ಬಾಲ್ ತಾಗಿದ್ದೇ ತಡ, ಕಣ್ಣು ಕತ್ತಲೆ ಬಂದ ಹಾಗಾಯ್ತು. ಓಡಿದೆ. ಹೋಗಿ ನೋಡಿದ್ರೆ ಮೂರನೇ ಬೇಸಿನವಳು ನನ್ನ ನೋಡಿ ನಗ್ತಿದಾಳೆ. ಅವಳ ಮುಂದಿನ ಹಲ್ಲು ಒಂದರ ಮೇಲೊಂದು ಹತ್ಕೊಂಡಿತ್ತು. ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ... ಹೇಗಿದೆ?"

ಉಪನ್ಯಾಸಕಿ ಮೊಬೈಲು ಕೊಟ್ಟಳು. ಗ್ಲೌಸು, ವಾಚು, ಜೇಬು ಒಂದೊಂದಾಗಿ ತೋರಿಸಿದಳು. ದೊಡ್ಡಮ್ಮ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಕೈಯನ್ನು ಅತ್ತ ಇತ್ತ ತಿರುಗಿಸಿಕೊಂಡು ನೋಡಿದಳು.

"ಹಾಗಾದ್ರೆ ನಾನು ಸರಿಯಾಗೇ ಓಡಿದ್ನಾ?"

"ಸರಿಯಾಗೇ ಓಡಿದ್ದೆ ದೊಡ್ಡಮ್ಮ."

ಖುಷಿಪಡುತ್ತಾಳೆಂದುಕೊಂಡಿದ್ದರೆ ದೊಡ್ಡಮ್ಮನ ಮುಖ ಸಪ್ಪಗಾಯಿತು. ಅವಳು ಕುರ್ಚಿಯಲ್ಲಿ ಕೂತು ಶೂಗಳ ದಾರ ಬಿಚ್ಚತೊಡಗಿದಳು.

"ಆ ಫೋಟೊ ಬಂದಿದ್ದು ಚಾಂಪಿಯನ್‌ಶಿಪ್ಪಿನ ಹತ್ತನೇ ವರ್ಷಕ್ಕೆ. ನಮ್ಮ ಕ್ಯಾಪ್ಟನ್ ಅಷ್ಟೊತ್ತಿಗೆ ನಾವು ಓದಿದ ಕಾಲೇಜಲ್ಲೇ ಆಟದ ಮೇಡಂ ಆಗಿದ್ಲು. ಅವಳೇ ಸ್ಟುಡಿಯೊದಲ್ಲಿ ಹುಡುಕಿ ತಂದು ಹಾಕಿದ್ದು. ನಾನು ಜಗಳ ಆಡಿದ್ದೆ, ಗೊತ್ತಾ? ನಾನ್ಯಾಕೆ ಆ ಕಡೆ ಓಡ್ತೀನಿ ಅಂದೆ. 'ನಿನ್ನ ಬಾಯಿ ಸುಳ್ಳು ಹೇಳಬಹುದು, ಫೋಟೊ ಹೇಳುತ್ತೇನೇ?' ಅಂದ್ಲು. ಹೌದಲ್ವಾ ಅನ್ನಿಸ್ತು. ಆಮೇಲೆ ಎಲ್ಲ ನೆನಪಾಗ್ತಾ ಬಂತು."

"ಏನು ನೆನಪಾಯ್ತು?"

"ಎಲ್ಲ. ಆ ಹಲ್ಲಿನವಳು, ಅವಳ ನಗು, ಜನ ಕೂಗಿದ್ದು." ದೊಡ್ಡಮ್ಮ ತಲೆ ಎತ್ತಿದಳು. "ಅದೆಲ್ಲ ಆಗ್ಲೇ ಇಲ್ಲ ಅಂದ್ರೆ ಎಲ್ಲಿಂದ ಬಂತು? ನಾನು ಸರಿಯಾಗಿ ಓಡಿದ್ರೆ, ಹೋಗಿ ಮುಟ್ಟಿದ್ನಾ, ಔಟಾದ್ನಾ? ನಮ್ಮ ಟೀಮು ಸೋತಿದ್ದು ನನ್ನಿಂದಾನಾ, ಅಲ್ವಾ? ನನಗೆ ಅದು ನೆನಪೇ ಇಲ್ಲ. ಇದ್ದ ಒಂದನ್ನೂ ಕಿತ್ಕೊಂಡು ಸುಮ್ನೆ ಹೋಗ್ಬೇಡ ನೀನು. ಬದಲಿಗೆ ಏನಾದ್ರೂ ಕೊಡು."

ಉಪನ್ಯಾಸಕಿ ಮತ್ತೆ ಚಿತ್ರ ನೋಡಿದಳು. ಫೋಟೊದಲ್ಲಿ ಚೆಂಡು ಎಲ್ಲೂ ಕಾಣುತ್ತಿರಲಿಲ್ಲ. ಆ ಪಂದ್ಯದಿಂದ ಉಳಿದಿದ್ದದ್ದು ಕಪ್ಪಿನ ಮೇಲೆ ಕೆತ್ತಿದ ಸೋಲುಗೆಲುವು ಮಾತ್ರ.

ಅವಳು ಪಿ.ಟಿ. ಮೇಡಂಗೆ ಫೋನು ಮಾಡಿದಳು. ಗೆದ್ದ ತಂಡದವರಲ್ಲಿ ಆಹ್ವಾನಕ್ಕೆ ಒಬ್ಬರೇ ಉತ್ತರಿಸಿದ್ದರಂತೆ, ಊರಿನ ಆ ತುದಿಯಲ್ಲಿರುವ ಒಬ್ಬ ಹಲ್ಲಿನ ಡಾಕ್ಟರು. ಮಂಡಿನೋವು, ಬರಲಾಗುವುದಿಲ್ಲ ಎಂದಿದ್ದರಂತೆ. ಯಾವ ಜಾಗದಲ್ಲಿ ಆಡುತ್ತಿದ್ದರೋ ಗೊತ್ತಿಲ್ಲ. ಕೈಗೆ ಬಂದ ಚೆಂಡು ಜಾರುತ್ತಿರಲಿಲ್ಲ ಅಂತ 'ಅಂಟು' ಎಂದು ಕರೆಯುತ್ತಿದ್ದರಂತೆ.

"ಹೋಗೋಣ," ಎಂದಳು ದೊಡ್ಡಮ್ಮ, ಬಿಚ್ಚಿದ ದಾರವನ್ನು ಮತ್ತೆ ಕಟ್ಟಿಕೊಳ್ಳುತ್ತ. "ಈಗಲೇ."

ಕಾರಿನಲ್ಲಿ ಉಪನ್ಯಾಸಕಿ ಒಂದೇ ಒಂದು ಷರತ್ತು ಹಾಕಿದಳು. "ನೀನು ಬಾಯಿ ಬಿಡ್ಬೇಡ. ಫೋಟೊ ವಿಷಯ ಮೊದಲೇ ಹೇಳಿದ್ರೆ ಅವರಿಗೂ ಅದೇ ನೆನಪಾಗುತ್ತೆ."

"ನನ್ನ ಬಾಯಿಗೆ ಬೀಗ. ಇಲ್ಲಿ ಎಡಕ್ಕೆ ತಾನೇ?" ದೊಡ್ಡಮ್ಮ ಅಭ್ಯಾಸದಂತೆ ಒಮ್ಮೆ ತನ್ನ ಕೈಗಳನ್ನು ನೋಡಿಕೊಂಡಳು. "ಎಡಕ್ಕೇ."

ಎಡಕ್ಕೇ ಆಗಿತ್ತು.

*

ಹಲ್ಲಿನ ಡಾಕ್ಟರು ಕ್ಲಿನಿಕ್ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಮುಂದಿನ ಕೋಣೆಯಲ್ಲಿ ರೋಗಿಗಳ ಕುರ್ಚಿ ಇನ್ನೂ ಇತ್ತು. ಅದರ ಮೇಲೆ ಬೆಕ್ಕೊಂದು ಬಾಯಿ ತೆರೆದುಕೊಂಡು ಮಲಗಿತ್ತು. ಬಾಗಿಲು ತೆರೆದ ಎತ್ತರದ ಮುದುಕಿ ಇಬ್ಬರನ್ನೂ ಒಮ್ಮೆ ನೋಡಿ, ದೊಡ್ಡಮ್ಮನ ಶೂಗಳನ್ನು ನೋಡಿ, ನಕ್ಕಳು. ಅವಳ ಮುಂದಿನ ಎರಡು ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು.

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೀಗ ಅಲ್ಲೇ ಬಿಚ್ಚಿತು. "ಇವಳೇ! ಇದೇ ಹಲ್ಲು! ಮೂರನೇ ಬೇಸಿನವಳು!"

"ಯಾರ್ರೀ ಮೂರನೇ ಬೇಸು?" ಎಂದಳು ಅಂಟು, ಅವಮಾನವಾದವಳಂತೆ. "ಮೊದಲನೇ ಬೇಸು ಬಿಟ್ಟು ಒಂದು ದಿನ ಕದಲಿದೋಳಲ್ಲ ನಾನು."

ದೊಡ್ಡಮ್ಮನ ಕೈ ಚೌಕಟ್ಟಿನಿಂದ ಜಾರಿ ಕೆಳಗೆ ಬಂತು. ಹಲ್ಲು ನಿಜ, ನಗುವೂ ನಿಜ. ಫೋಟೊ ಮಗುಚಿಕೊಂಡಾಗ ನೆನಪು ಆ ಮುಖವನ್ನೂ ಜೊತೆಗೇ ಎತ್ತಿಕೊಂಡು ಮೈದಾನದ ಆಚೆ ಬದಿಗೆ ಇಟ್ಟಿತ್ತು.

"ಹಲ್ಲಿನ ಡಾಕ್ಟರಾಗಿ ನಿಮ್ಮ ಹಲ್ಲೇ ಸರಿ ಮಾಡಿಸ್ಕೊಂಡಿಲ್ವಲ್ಲ," ಎಂದಳು ದೊಡ್ಡಮ್ಮ, ಏನಾದರೂ ಹೇಳಬೇಕೆಂದು.

"ಬೇರೆಯವರ ಕೈಗೆ ಬಾಯಿ ಕೊಡೋದಾ? ಅವರು ಏನ್ ಮಾಡ್ತಾರೆ ಅಂತ ನನಗೆ ಗೊತ್ತಲ್ಲ! ಬನ್ನಿ ಒಳಗೆ."

ಟೀ ಬಂತು. ಉಪನ್ಯಾಸಕಿ ಕೇಳಿದ್ದು ಒಂದೇ ಪ್ರಶ್ನೆ. ಮೊದಲ ಫೈನಲ್ಲಿನ ಕೊನೆಯಲ್ಲಿ ಏನಾಯಿತು?

ಅಂಟು ಯೋಚಿಸಲೇ ಇಲ್ಲ. "ನಮ್ಮದು ಒಂದು ರನ್ ಮುಂದೆ. ಇವರದ್ದು ಇಬ್ಬರು ಔಟು. ಆಮೇಲೆ ಈ ಮಹರಾಯ್ತಿ ಬಂದ್ಲು. ನೆಲದ ಮೇಲೆ ಹೊಡೆದ್ಲು, ಉರುಳ್ಕೊಂಡು ಹೋಯ್ತು. ನಮ್ಮೋಳು ಎತ್ತಿ ಎಸೆದಿದ್ದು ನೇರ ನನ್ನ ಗ್ಲೌಸಿಗೇ ಬಂತು. ಆದ್ರೆ ಇವಳು ಅಷ್ಟರಲ್ಲಿ ಬೇಸು ಮೆಟ್ಟಿ ಆಗಿತ್ತು. ನನಗೆ ನಗು ಬಂತು. 'ಏನ್ ಓಡ್ತೀಯೇ, ಹಿಂದೆ ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?' ಅಂದೆ."

"ಸೇಫಾ?" ದೊಡ್ಡಮ್ಮನ ಧ್ವನಿ ಸಣ್ಣಗಾಗಿತ್ತು.

"ಸೇಫೇ. ನನ್ನ ಕೈಲಿ ಬಾಲ್ ಇದ್ದೂ ಸೇಫಾದೋಳು ಆ ವರ್ಷಕ್ಕೆಲ್ಲ ನೀನೊಬ್ಳೇ. ಅದಕ್ಕೇ ನೆನಪಿರೋದು."

"ಆಮೇಲೆ?"

"ಆಮೇಲೇನು? ಮುಂದಿನವಳು ಮೇಲಕ್ಕೆ ಹೊಡೆದ್ಲು. ಕ್ಯಾಚು. ಮುಗೀತು. ನೀನು ಅಲ್ಲೇ ನನ್ನ ಪಕ್ಕ ನಿಂತಿದ್ದೆ."

"ಮುಂದಿನವಳು ಯಾರು?"

"ಎರಡು ಜಡೆಯವಳು. ನಿಮ್ಮ ಕ್ಯಾಪ್ಟನ್ನೇ ಅಲ್ವಾ?"

ಬೆಕ್ಕು ಕುರ್ಚಿಯಿಂದ ಇಳಿದು ಮೈ ಮುರಿಯಿತು. ಕ್ಯಾಪ್ಟನ್ ತೀರಿಕೊಂಡು ಎಂಟು ವರ್ಷವಾಗಿತ್ತು. ಫೋಟೊಗೆ ಚೌಕಟ್ಟು ಹಾಕಿಸಿದ್ದು, ನಿವೃತ್ತಿಯಾಗುವವರೆಗೆ ಪ್ರತಿ ಹೊಸ ತಂಡಕ್ಕೂ ಆ ಕಥೆ ಹೇಳಿದ್ದು ಅವಳೇ. ಉಪನ್ಯಾಸಕಿ ದೊಡ್ಡಮ್ಮನ ಮುಖ ನೋಡಲಾಗದೆ ಟೀ ಲೋಟ ನೋಡಿದಳು.

"ಅವಳು ಗೊತ್ತಿದ್ದೇ ಆ ಕಥೆ ಹೇಳಿದ್ಲಾ?" ಎಂದಳು.

ದೊಡ್ಡಮ್ಮ ಬಿಸ್ಕತ್ತನ್ನು ಎರಡು ಮಾಡಿ, ಎರಡನ್ನೂ ತಟ್ಟೆಯಲ್ಲೇ ಇಟ್ಟಳು. "ನನ್ನ ತಲೇಲೇ ಇಷ್ಟು ವರ್ಷ ಇವಳನ್ನ ಮೂರನೇ ಬೇಸಲ್ಲಿ ನಿಲ್ಸಿದ್ದೆ ನಾನು. ಅವಳ ತಲೇಲಿ ಏನಿತ್ತೋ. ಆ ಕ್ಯಾಚು ಮರೀಬೇಕು ಅಂತ ಅವಳಿಗೂ ಇತ್ತೇನೋ ಪಾಪ. ಫೋಟೊ ಸಿಕ್ತು." ತಟ್ಟೆ ಪಕ್ಕಕ್ಕೆ ಸರಿಸಿ, "ಬದುಕಿದ್ದಿದ್ರೆ ಮಾತ್ರ ಎರಡು ಬೈತಿದ್ದೆ," ಎಂದಳು.

"ಎರಡು ಜಡೆಗೆ ಎರಡು," ಎಂದಳು ಅಂಟು. ಇಬ್ಬರೂ ನಕ್ಕರು. ದೊಡ್ಡಮ್ಮನ ನಗು ನಿಲ್ಲಲು ಹೊತ್ತು ಹಿಡಿಯಿತು. ನಿಂತಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಶನಿವಾರ ನೀನೂ ಬಾ. ನಾನು ಓಡ್ಬೇಕಂತೆ. ಮೊದಲನೇ ಬೇಸಲ್ಲಿ ಯಾರಾದ್ರೂ ನಿಲ್ಬೇಕಲ್ಲ."

"ಮಂಡಿ ಏನನ್ನುತ್ತೋ ಕೇಳ್ಬೇಕು."

"ಮಂಡಿ ಕೇಳ್ಕೊಂಡು ಯಾರಾದ್ರೂ ಸ್ಟ್ರೆಚ್ ಮಾಡ್ತಾರಾ? ಎಲ್ಲಿ, ತೋರಿಸು ನೋಡೋಣ. ನೀನು ಹೇಗೆ ನಿಂತಿದ್ದೆ?"

ಅಂಟು ಸೋಫಾದ ದಿಂಬೊಂದನ್ನು ಎಳೆದು ನೆಲಕ್ಕೆ ಹಾಕಿದಳು. ಅದನ್ನು ಕಾಲಿನಿಂದ ಅತ್ತ ತಳ್ಳಿ, ಇತ್ತ ತಳ್ಳಿ, ಗೋಡೆಗೂ ಟೀಪಾಯಿಗೂ ಅಳತೆ ನೋಡಿ ಕೊನೆಗೆ ಒಂದು ಜಾಗದಲ್ಲಿ ಬಿಟ್ಟಳು. ಅದರ ಹಿಂದೆ ಸೊಂಟ ಬಾಗಿಸಿ, ಮಂಡಿಯ ಮೇಲೆ ಕೈಯಿಟ್ಟು ನಿಂತಳು. "ನೀನು ಬಂದಾಯ್ತು. ನಿಂತಾಯ್ತು. ಈಗ ಅವಳು ಬ್ಯಾಟಿಂಗಿಗೆ ಬಂದಿದಾಳೆ."

ದೊಡ್ಡಮ್ಮ ಎದ್ದು ಹೋಗಿ ಎಡಗಾಲನ್ನು ದಿಂಬಿನ ಮೇಲಿಟ್ಟಳು. ಬಲಗಾಲು ಮುಂದೆ, ಮೈ ಎರಡನೇ ಬೇಸಿನ ಕಡೆಗೆ ವಾಲಿತ್ತು. ಎರಡನೇ ಬೇಸು ಅಡಿಗೆಮನೆಯ ಬಾಗಿಲಿನ ಆಚೆ ಎಲ್ಲೋ ಇತ್ತು. ಚೆಂಡೆಸೆಯುವವಳ ಕೈಯಿಂದ ಚೆಂಡು ಹೊರಡುವವರೆಗೆ ಓಟಗಾರ್ತಿ ಬೇಸು ಬಿಡುವಂತಿಲ್ಲ. ಚೆಂಡೆಸೆಯುವವಳ ಜಾಗದಲ್ಲಿ, ಟೀಪಾಯಿಯ ಪಕ್ಕ ನಿಂತಿದ್ದ ಉಪನ್ಯಾಸಕಿಯ ಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ನೆಟ್ಟವು.

"ಬಾಲ್ ಇನ್ನೂ ಬಿಟ್ಟಿಲ್ಲ," ಎಂದಳು ಅಂಟು ಪಿಸುದನಿಯಲ್ಲಿ.

"ಗೊತ್ತು," ಎಂದಳು ದೊಡ್ಡಮ್ಮ. ಅವಳ ಹಿಮ್ಮಡಿ ಮಾತ್ರ ದಿಂಬನ್ನು ಬಿಟ್ಟು ಸ್ವಲ್ಪ ಮೇಲೆದ್ದಿತ್ತು.