ಬಿಸಿ ಆರದ ಹಾಸಿಗೆ

ಇನ್ನೊಬ್ಬನ ಬೆವರು ಆರುವ ಮೊದಲೇ ಶಿವಣ್ಣ ಆ ಹಾಸಿಗೆಯಲ್ಲಿ ಮಲಗುತ್ತಿದ್ದ. ಹಗಲು ಪಾಳಿ ಮುಗಿಸಿ ಅವನು ಬರುವುದು, ರಾತ್ರಿ ಪಾಳಿಯ ಬ್ರೆಜಿಲ್‌ನ ಜೋಸಿಮಾರ್ ಎದ್ದು ಹೋಗುವುದು. ಏಳು ಹಾಸಿಗೆ, ಹದಿನಾಲ್ಕು ಗಂಡಸರು. ನೇಸ್ ಪಟ್ಟಣದಿಂದ ಅರ್ಧ ಗಂಟೆ ದೂರದ ಆ ಊರಿನಲ್ಲಿ ಮಾಂಸದ ಕಾರ್ಖಾನೆಯೇ ಕೊಟ್ಟಿದ್ದ ಮನೆ. ಗೋಡೆಯ ಬೂಷ್ಟು ದಿಂಬಿಗೂ ಹತ್ತಿ, ಮುಖ ಇಟ್ಟರೆ ಹಳಸಿದ ಹಿಟ್ಟಿನ ವಾಸನೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮಾತ್ರ ಹನ್ನೊಂದು ದೇಶಗಳ ಬಾವುಟ, ಕೆಳಗೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಫಲಕ. ಬಾವುಟಗಳ ಧೂಳನ್ನು ವಾರಕ್ಕೊಮ್ಮೆ ತಪ್ಪದೆ ಕೊಡವುತ್ತಿದ್ದರು.

ಆಗಸ್ಟಿನ ಒಂದು ಸೋಮವಾರ ಶಿವಣ್ಣನಿಗೆ ಕೋವಿಡ್ ಪಾಸಿಟಿವ್ ಬಂತು. ರಿಪೋರ್ಟಿನ ಹಿಂದೆಯೇ ಸೂಪರ್‌ವೈಸರನ ಫೋನು: ಸರ್ಕಾರದ ಕಡೆಯಿಂದ ಕರೆ ಬರುತ್ತದೆ, ಮನೆಯಲ್ಲಿ ನಾಲ್ಕೇ ಜನ ಅನ್ನು. ಹದಿನಾಲ್ಕು ಅಂದರೆ ಮಾಂಸ ಕೊಯ್ಯುವ ಲೈನ್ ನಿಲ್ಲುತ್ತದೆ. ಲೈನ್ ನಿಂತರೆ ನಿನ್ನ ಕೆಲಸದ ಪರ್ಮಿಟ್ಟು ಯಾವ ಕಂಪನಿಯ ಹೆಸರಿನಲ್ಲಿದೆ ಅಂತ ನೆನಪಿಸಿಕೋ.

ಕರೆ ಮಾಡಿದ್ದು ಆರೋಗ್ಯ ಇಲಾಖೆಯ ಡಾಕ್ಟರ್ ಭಾನುಮತಿ. ಹೆಸರು ನೋಡಿದ್ದೇ ಇಂಗ್ಲಿಷ್ ಬಿಟ್ಟರು.

"ಶಿವಣ್ಣ ಅಂದ್ರೆ ಕನ್ನಡದವರೇ ಅಲ್ವಾ? ಊಟ ತಿಂಡಿಗೇನು ಮಾಡ್ತಿದೀರಿ? ಮನೇಲಿ ಎಷ್ಟು ಜನ?"

ಎರಡು ವರ್ಷದ ಮೇಲೆ ಕಿವಿಗೆ ಬಿದ್ದ ಕನ್ನಡ. ಆ ಕನ್ನಡಕ್ಕೇ ಸುಳ್ಳು ಹೇಳಿದ. "ನಾಲ್ಕು ಜನ, ಡಾಕ್ಟ್ರೇ."

"ಯಾರಿಗಾದ್ರೂ ಜಾಸ್ತಿ ಆದ್ರೆ ಈ ನಂಬರಿಗೇ ಮಾಡಿ. ಊಟಕ್ಕೆ ನಮ್ಮ ಕನ್ನಡ ಬಳಗದವರಿಗೆ ಹೇಳ್ತೀನಿ."

ಬುಧವಾರ ಮಧ್ಯಾಹ್ನ ಬಳಗದ ಅಧ್ಯಕ್ಷ ವೆಂಕಟೇಶಮೂರ್ತಿ ಕಾರಿನಲ್ಲಿ ಬಂದರು. ಸಾಫ್ಟ್‌ವೇರಿನವರು, ನೇಸ್‌ನಲ್ಲಿ ಸ್ವಂತ ಮನೆ. ಸ್ಟೀಲ್ ಕ್ಯಾರಿಯರನ್ನು ಕಾಂಪೌಂಡಿನ ಮೇಲಿಟ್ಟು ಹಿಂದೆ ಸರಿದು ನಿಂತರು.

"ಬಿಸಿಬೇಳೆಬಾತು, ಮೊಸರನ್ನ. ಕ್ಯಾರಿಯರ್ ತೊಳೆದಿಡಿ, ಭಾನುವಾರ ಬಂದು ಇಸ್ಕೊಳ್ತೀನಿ. ಹೋದ ವಾರ ಒಂದು ಮನೇಲಿ ಮೂರು ಜನಕ್ಕೂ ಪಾಸಿಟಿವ್, ಅವ್ರೂ ಹಂಗೇ ಮಾಡಿದ್ರು. ನಮ್ಮನೆಯವಳ ತವರಿನದು ಇದು, ಕಳೆದು ಹೋದ್ರೆ ನನ್ನನ್ನ ಒಳಗೆ ಸೇರಿಸಲ್ಲ!" ನಕ್ಕರು. "ಅಂದ್ಹಾಗೆ, ನೀವು ಯಾವ ಕಂಪನಿ?"

"ಇಲ್ಲೇ ಸಾರ್, ಮೀಟ್ ಪ್ಲ್ಯಾಂಟು."

"ಓ... ಅಕೌಂಟ್ಸ್ ಸೈಡಾ?"

"ಚಾಕು ಸೈಡು ಸಾರ್. ದನದ ಮೂಳೆ ಬಿಡಿಸೋದು."

ಮಾಸ್ಕಿನ ಮೇಲಿದ್ದ ಕಣ್ಣುಗಳು ಕ್ಯಾರಿಯರಿನ ಕಡೆ ಹೊರಳಿದವು. "ಊರು?"

"ಬಂಗಾರಪೇಟೆ ಹತ್ರ."

"ಅಲ್ಲಿ... ಯಾರ ಪೈಕಿ?"

ಶಿವಣ್ಣ ಕೇರಿಯ ಹೆಸರು ಹೇಳಿದ. ಮೂರ್ತಿಯವರು ಇನ್ನೊಂದು ಹೆಜ್ಜೆ ಹಿಂದೆ ಹೋದರು.

"ಆ ಕ್ಯಾರಿಯರ್ ನೀವೇ ಇಟ್ಕೊಳ್ಳಿ. ವಾಪಸ್ ಬೇಡ. ಕೋವಿಡ್ ನೋಡಿ."

ಎರಡು ಮೀಟರ್ ದೂರ ನಿಲ್ಲಿ ಎಂದು ಈ ದೇಶದವರಿಗೆ ನೆಲಕ್ಕೆ ಹಳದಿ ಟೇಪು ಅಂಟಿಸಿ ಹೇಳಬೇಕಾಗಿತ್ತು. ಊರಿನಲ್ಲಿ ಶಿವಣ್ಣನ ಅಪ್ಪನಿಗೆ ಟೇಪು ಬೇಕಿರಲಿಲ್ಲ.

ಕಾರು ಹತ್ತಿದ ಮೇಲೆ ಮೂರ್ತಿಯವರು ಗಾಜು ಇಳಿಸಿದರು. "ಇನ್ನೊಂದು ಮಾತು. ಪೇಪರಿನವರು, ಟೀವಿಯವರು ಬಂದ್ರೆ ಎಲ್ಲಿಯವರು ಅಂತ ಹೇಳ್ಬೇಡಿ. ಡಾಕ್ಟ್ರು, ಇಂಜಿನಿಯರು ಅಂತ ನಮ್ಮವರಿಗೆ ಇಲ್ಲಿ ಒಂದು ಹೆಸರಿದೆ. ತಪ್ಪು ತಿಳೀಬೇಡಿ."

ತಪ್ಪು ತಿಳಿಯಲು ಏನೂ ಉಳಿಸಿರಲಿಲ್ಲ. ಹೊಟ್ಟೆ ಹಸಿದಿತ್ತು, ಆದರೆ ಮುಚ್ಚಳ ತೆಗೆದೊಡನೆ ತುಪ್ಪದ ಘಮಕ್ಕೆ ವಾಕರಿಕೆ ಬಂತು. ದಿನಕ್ಕೆ ನಲವತ್ತು ತೊಡೆ ಕೊಯ್ಯುವವನಿಗೆ, ರಕ್ತದ ವಾಸನೆಯಲ್ಲೇ ಬುತ್ತಿ ಬಿಚ್ಚುವವನಿಗೆ, ಒಂದು ಡಬ್ಬಿ ಅನ್ನಕ್ಕೆ ವಾಕರಿಕೆ!

ಒಳಗೆ ಜೋಸಿಮಾರ್ ಮೆಟ್ಟಿಲ ಮೇಲೆ ಕೂತಿದ್ದ. ಹಾಸಿಗೆಯನ್ನು ಕಾಯಿಲೆಯವನಿಗೆ ಬಿಟ್ಟುಕೊಟ್ಟು ಎರಡು ದಿನದಿಂದ ಅವನು ಗೋಡೆಗೊರಗಿಯೇ ನಿದ್ದೆ ಮಾಡುತ್ತಿದ್ದ. ತುಟಿ ನೀಲಿಗಟ್ಟಿತ್ತು. ಬೂಟು ಹಾಕಿಕೊಂಡಿದ್ದ, ಸಂಜೆ ಆರಕ್ಕೆ ಪಾಳಿ.

"ಹೆಂಗಿದೀಯ?" ಎಂದು ಶಿವಣ್ಣ ಕೈಯಾಡಿಸಿ ಕೇಳಿದ.

"ಗ್ರ್ಯಾಂಡ್," ಎಂದ ಜೋಸಿಮಾರ್, ಆರಾಮಾಗಿದ್ದೇನೆ ಎನ್ನಲು ಇಲ್ಲಿನವರು ಬಳಸುವ ಮಾತು. ಆ ಒಂದು ಮಾತಿಗೆ ಅವನಿಗೆ ಎರಡು ಉಸಿರು ಬೇಕಾಯಿತು.

ಆಗ ಶಿವಣ್ಣನಿಗೆ ಹೊಳೆಯಿತು: ತಾನು ಹೇಳಿದ ನಾಲ್ಕರಲ್ಲಿ ಇವನಿರಲಿಲ್ಲ. ಲೆಕ್ಕಕ್ಕಿಲ್ಲದವನಿಗೆ ಪರೀಕ್ಷೆ ಇಲ್ಲ, ರಜೆ ಇಲ್ಲ. ಸಾಯುವವರೆಗೂ ಲೈನಿನಲ್ಲಿ ನಿಲ್ಲಬಹುದು. ಕಂಪನಿ ಬಾಯಿ ಮುಚ್ಚು ಅಂದಿತು, ಬಳಗ ಊರು ಮುಚ್ಚಿಡು ಅಂದಿತು. ಆದರೆ ನಾಲ್ಕು ಎಂದ ನಾಲಿಗೆ ಯಾರದು? ಮೂರ್ತಿಯವರ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ಬಂದು ತನ್ನ ಬಾಯಲ್ಲೇ ಕೂತಂತಾಯಿತು.

ಡಾಕ್ಟರಿಗೆ ಫೋನು ಹಚ್ಚಿದ.

"ಡಾಕ್ಟ್ರೇ, ಮೊದ್ಲು ಆಂಬುಲೆನ್ಸ್ ಕಳಿಸಿ. ಮನೇಲಿ ಒಬ್ಬನಿಗೆ ಉಸಿರು ಸಿಕ್ತಿಲ್ಲ. ಆಮೇಲೆ ಬರ್ಕೊಳ್ಳಿ, ನಾಲ್ಕಲ್ಲ, ಹದಿನಾಲ್ಕು ಜನ."

"ಹದಿ... ಎಷ್ಟು ಬೆಡ್‌ರೂಮು?"

"ಮೂರು. ಒಂದೊಂದು ಹಾಸಿಗೆಗೆ ಇಬ್ಬಿಬ್ಬರು, ಪಾಳಿ ಮೇಲೆ."

ಆಂಬುಲೆನ್ಸಿಗೆ ಸಂದೇಶ ಕಳಿಸಿ ಡಾಕ್ಟರು ಕೇಳಿದರು, "ನಾಲ್ಕು ಅನ್ನಿ ಅಂತ ಯಾರು ಹೇಳಿದ್ರು?"

ಸೂಪರ್‌ವೈಸರನ ಹೆಸರು ಹೇಳಿದ.

"ಶಿವಣ್ಣ, ಇದನ್ನ ನಾನು ಬರ್ಕೊಂಡ್ರೆ ನಿಮ್ಮ ಪರ್ಮಿಟ್ಟು..."

"ಗೊತ್ತು ಡಾಕ್ಟ್ರೇ. ಬರ್ಕೊಳ್ಳಿ. ನನ್ನ ಹೆಸರು, ನನ್ನೂರು, ಮಾಡೋ ಕೆಲ್ಸ ಎಲ್ಲಾ ಬರ್ಕೊಳ್ಳಿ. ನಿಮ್ಮ ಬಳಗದವರಿಗೂ ಓದಿ ಹೇಳಿ."

ಅತ್ತ ಕಂಪ್ಯೂಟರಿನ ಕೀಲಿಗಳ ಟಕಟಕ ಶುರುವಾಯಿತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಶಿವಣ್ಣ ಮೆಟ್ಟಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಜೋಸಿಮಾರ್ ಬೇಡ ಬೇಡ ಎಂದು ಕಾಲೆಳೆದುಕೊಂಡರೂ ಬಿಡದೆ, ಅವನ ಬೂಟಿನ ದಾರ ಬಿಚ್ಚತೊಡಗಿದ.